ತಮಟೆ ಬಡಿದವನ ಕೂಲಿ

"ಎಷ್ಟ್ ಕೊಡ್ತಾರ್ಲಾ ಮಗ?"

ಪತ್ರಿಕೆ ಕೆಲಸಕ್ಕೆ ಸೇರಿದ ದಿನ ಅವ್ವ ಕೇಳಿದ್ದು ಇದೊಂದೇ ಮಾತು. ಎಂಟು ಸಾವಿರ ಅಂದೆ. "ಗಾರೆ ಕೆಲ್ಸಕ್ಕೋಗೋ ನಿನ್ ತಮ್ಮ ಅದ್ಕಿಂತ ಜಾಸ್ತಿ ತತ್ತಾನೆ. ಬಿಎ ಓದಿದ್ದು ಇದಕ್ಕಾ?" ಅಂದಳು. ಸತ್ಯ, ಸಮಾಜ, ಬದ್ಧತೆ ಅಂತ ದೊಡ್ಡ ಮಾತುಗಳು ನನ್ನಲ್ಲಿದ್ದವು. ಅವ್ವನ ಎದುರು ಒಂದೂ ಬಾಯಿಗೆ ಬರಲಿಲ್ಲ.

ತುಮಕೂರಿನ ಒಂದು ಸಣ್ಣ ಪತ್ರಿಕೆಯಲ್ಲಿ ಎರಡು ವರ್ಷ ದುಡಿದ ಮೇಲೆ ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳುತ್ತಿದ್ದೇನೆ. ಸಂಬಳ ಕಡಿಮೆ ಇರಬಹುದು, ಆದರೆ ಹೆಸರು ಬರುತ್ತದೆ, ಕೆಲಸ ಕಲಿಯುತ್ತೀಯ, ತಹಸೀಲ್ದಾರರು ಕುರ್ಚಿ ಕೊಡುತ್ತಾರೆ, ನಿನ್ನ ಜನರ ಕಷ್ಟ ಬರೆಯಬಹುದು ಅನ್ನುತ್ತಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ದುಡ್ಡು, ಇನ್ನೊಂದರಲ್ಲಿ ಇವೆಲ್ಲ. ಈ ತೂಕ ನ್ಯಾಯವಾದದ್ದೆ?

ಇನ್ನೊಂದು ತಟ್ಟೆಯಲ್ಲಿ ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಕುರ್ಚಿ ಸಣ್ಣ ಮಾತಲ್ಲ. ನಮ್ಮಪ್ಪ ತಾಲ್ಲೂಕು ಕಚೇರಿಯ ಜಗಲಿ ಹತ್ತದೆ ಅರ್ಜಿ ಹಿಡಿದು ನಿಂತವನು. ಕುಣಿಗಲ್ ಕಡೆಯ ಒಂದು ಕಾಲೊನಿಗೆ ತಿಂಗಳಿಂದ ನೀರಿಲ್ಲ ಎಂದು ನಾನು ಬರೆದ ಆರು ಸಾಲು ಅಚ್ಚಾದ ಮೂರನೇ ದಿನ ಮೋಟಾರು ರಿಪೇರಿಯಾಯಿತು. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಪ್ರಧಾನಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟಿಸಿದಾಗ ದೊಡ್ಡ ಪತ್ರಿಕೆಗಳೆಲ್ಲ ಬಂದವು. ಕಾಲೊನಿಯ ನಲ್ಲಿಯ ಹತ್ತಿರ ಬರುವುದು ಸಣ್ಣ ಪತ್ರಿಕೆಯೇ. ಆ ದಿನ ಕೊಡ ತುಂಬಿದ್ದಕ್ಕೆ ಬೆಲೆ ಕಟ್ಟಲು ನನ್ನಿಂದಾಗದು.

ಆದರೆ ನಮ್ಮ ಕೇರಿಗೆ ಈ ತಕ್ಕಡಿ ಹೊಸದಲ್ಲ. ನಮ್ಮ ತಾತ ತೋಟಿ. ಕಂದಾಯ ಕಟ್ಟಿ, ನಾಳೆ ತೂಬು ಎತ್ತುತ್ತಾರೆ, ಹಬ್ಬ ಸಾರಿದೆ ಎಂದು ಊರೆಲ್ಲ ತಮಟೆ ಬಡಿದು ಹೇಳುತ್ತಿದ್ದ. ಊರಿನ ಮೊದಲ ವರದಿಗಾರ ಅವನೇ. ಆದರೆ ತನ್ನ ಕೇರಿಯ ಒಂದು ಸುದ್ದಿಯನ್ನೂ ಅವನು ಸಾರುವಂತಿರಲಿಲ್ಲ. ಕೂಲಿ? ಸುಗ್ಗಿಯಲ್ಲಿ ಕಣದ ಮೂಲೆಗೆ ನಿಂತರೆ ಒಂದು ಮೊರ ರಾಗಿ. ಜೊತೆಗೆ "ನೀನಿಲ್ದೆ ಊರೇ ಇಲ್ಲ ಕಣ್ಲಾ" ಎಂಬ ಹೊಗಳಿಕೆ. ಇಂಥ ಪಾರಂಪರಿಕ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾನೂನು 1961ರಲ್ಲೇ ಬಂತು. ಬಿಟ್ಟಿ ಚಾಕರಿಗೆ ಮರ್ಯಾದೆಯ ಬಣ್ಣ ಬಳಿಯುವ ಅಭ್ಯಾಸ ರದ್ದಾಗಲಿಲ್ಲ. "ಪತ್ರಿಕೆ ಅಂದ್ರೆ ಸೇವೆ ಕಣಪ್ಪ, ದುಡ್ಡು ನೋಡಬಾರದು" ಎನ್ನುವವರ ಬಾಯಲ್ಲಿ ನನಗೆ ಆ ಕಣದ ಯಜಮಾನನ ದನಿ ಕೇಳುತ್ತದೆ.

ಬಾಬಾಸಾಹೇಬರು ದುಡ್ಡಿಗಾಗಿ ಪತ್ರಿಕೆ ಮಾಡಿದರಾ ಎಂದು ಗೆಳೆಯರು ಕೇಳುತ್ತಾರೆ. ಇಲ್ಲ. 1920ರಲ್ಲಿ 'ಮೂಕನಾಯಕ' ಹೊರಟಿದ್ದು ಶಾಹೂ ಮಹಾರಾಜರು ಕೊಟ್ಟ 2,500 ರೂಪಾಯಿಯ ನೆರವಿನಿಂದ. 1927ರ 'ಬಹಿಷ್ಕೃತ ಭಾರತ'ದ ಕಾಲಂಗಳನ್ನು ಬಹುಪಾಲು ಅವರೇ ಬರೆದು ತುಂಬಿಸುತ್ತಿದ್ದರು. ಆದರೆ ಅದು ತಮ್ಮ ಜನರ ಪತ್ರಿಕೆಗೆ ಮಾಡಿದ ತ್ಯಾಗ. ಏನು ಅಚ್ಚಾಗಬೇಕು ಎನ್ನುವ ತೀರ್ಮಾನ ಅವರ ಕೈಯಲ್ಲೇ ಇತ್ತು. ಮಾಲೀಕನ ಪತ್ರಿಕೆಗೆ ನಾನು ಹಸಿದು ದುಡಿದರೆ ಅದು ತ್ಯಾಗವಲ್ಲ, ಮಾಲೀಕನಿಗೆ ಕೊಟ್ಟ ರಿಯಾಯಿತಿ.

ಮಾಲೀಕರೆಲ್ಲ ದುಷ್ಟರಲ್ಲ. ಕಾಗದದ ಬೆಲೆ, ಪ್ರೆಸ್ಸಿನ ಬಿಲ್ಲು, ತಡವಾಗಿ ಬರುವ ಸರ್ಕಾರಿ ಜಾಹೀರಾತಿನ ಹಣ, ಇವುಗಳ ನಡುವೆ ತಾವೇ ಪುಟ ಕಟ್ಟುವ ಸಂಪಾದಕರನ್ನು ಕಂಡಿದ್ದೇನೆ. ಪ್ರಶ್ನೆ ಅವರ ಒಳ್ಳೆಯತನದ್ದಲ್ಲ. ಅವರು ಕೊಡಲಾಗದ ಸಂಬಳ ಎಲ್ಲಿಂದ ಹುಟ್ಟಬೇಕು? ತಾಲ್ಲೂಕು ವರದಿಗಾರ ಚಂದಾ ವಸೂಲಿ ಮಾಡಬೇಕು, ಜಾಹೀರಾತು ತರಬೇಕು, ಅದರ ಕಮಿಷನ್ನೇ ಅವನ ಅನ್ನ. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು, ನಿಜ. ಆದರೆ 1955ರ ಪತ್ರಕರ್ತರ ಕಾಯ್ದೆ ಲೆಕ್ಕಕ್ಕೆ ಹಿಡಿದದ್ದು ಪತ್ರಿಕಾ ಕೆಲಸವೇ ಮುಖ್ಯ ಕಸುಬಾದವನನ್ನು. ನೇಮಕಾತಿ ಪತ್ರವೇ ಇಲ್ಲದೆ, ಏಜೆಂಟ್ ಎನಿಸಿಕೊಂಡವನು ಯಾವ ಕಾಗದ ಹಿಡಿದು ಕೋರ್ಟಿಗೆ ಹೋಗಬೇಕು?

ಒಂದು ಯುಗಾದಿಗೆ ಶುಭಾಶಯದ ಜಾಹೀರಾತು ಕೇಳಲು ಗುಬ್ಬಿ ಕಡೆಯ ಒಬ್ಬ ಮುಖಂಡರ ಮನೆಗೆ ಹೋದೆ. ಒಪ್ಪಿದರು. ಹದಿನೈದು ದಿನ ಕಳೆದು ಅದೇ ಊರಿನ ನಮ್ಮ ಹುಡುಗರು ಬಂದರು. "ಕ್ಷೌರದಂಗಡೀಲಿ ನಮ್ ತಲೆ ಮುಟ್ತಿಲ್ಲ ಕಣಣ್ಣ, ಮುಟ್ಟಬ್ಯಾಡ ಅಂದಿರೋರು ಅವ್ರೇಯ" ಅಂದರು. ಬರೆಯುತ್ತೇನೆ ಅಂದೆ. ಬರೆಯಲಿಲ್ಲ. ಸಂಪಾದಕರು ಬೇಡ ಅಂದಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಜಾಹೀರಾತಿನ ಅರ್ಧ ಹಣ ಇನ್ನೂ ಬರಬೇಕಿತ್ತು. ಅವ್ವನ ಸಕ್ಕರೆ ಕಾಯಿಲೆಯ ಮಾತ್ರೆ ತೀರಿತ್ತು. ನನ್ನ ಕೈಯನ್ನು ನಾನೇ ಹಿಡಿದುಕೊಂಡೆ.

ತಕ್ಕಡಿಯ ಎರಡು ತಟ್ಟೆ ಬೇರೆಬೇರೆಯಲ್ಲ ಎಂದು ಅಂದು ತಿಳಿಯಿತು. ಬರೆಯುವ ಸ್ವಾತಂತ್ರ್ಯವನ್ನು ಸಂಬಳದ ಎದುರು ತೂಗುವುದೇ ತಪ್ಪು ಲೆಕ್ಕ. ಆ ಸ್ವಾತಂತ್ರ್ಯ ನಿಂತಿರುವುದೇ ಹೊಟ್ಟೆಯ ಮೇಲೆ. ಹೊಲ, ಮನೆ, ಅಪ್ಪನ ಪಿಂಚಣಿ ಇರುವವನು ಕಡಿಮೆ ಸಂಬಳದಲ್ಲೂ ನೆಟ್ಟಗೆ ನಿಲ್ಲಬಲ್ಲ. ಇಲ್ಲದವನು ಒಂದೋ ಬಾಗುತ್ತಾನೆ, ಇಲ್ಲ ಬಿಟ್ಟು ಹೋಗುತ್ತಾನೆ. ಹೀಗೆ ಕಡಿಮೆ ಸಂಬಳವೂ ಒಂದು ಬೇಲಿ. 2006ರಲ್ಲಿ ದೆಹಲಿಯ ರಾಷ್ಟ್ರೀಯ ಮಾಧ್ಯಮಗಳಲ್ಲಿ ತೀರ್ಮಾನ ಮಾಡುವ ಸ್ಥಾನದಲ್ಲಿದ್ದ 315 ಮಂದಿಯ ಸಮೀಕ್ಷೆ ನಡೆಯಿತು. ಅದರಲ್ಲಿ ಒಬ್ಬ ದಲಿತನೂ ಇರಲಿಲ್ಲ, ಒಬ್ಬ ಆದಿವಾಸಿಯೂ ಇರಲಿಲ್ಲ. ಆ ಬೇಲಿಗೆ ಬೇರೆ ಗೂಟಗಳೂ ಇವೆ. ಒಂದು ಗೂಟ ಮಾತ್ರ ಗುಬ್ಬಿ ಬಸ್ ನಿಲ್ದಾಣದಲ್ಲಿ, ವರದಿಗಾರ ಬಸ್ ಚಾರ್ಜಿಗೆ ಜೇಬು ತಡಕುವ ಜಾಗದಲ್ಲಿದೆ.

ಹಾಗಾದರೆ ಬಿಟ್ಟುಬಿಡಬೇಕೆ? ನಾವೆಲ್ಲ ಬಿಟ್ಟರೆ ಕಾಲೊನಿಯ ನಲ್ಲಿ ಸುದ್ದಿಯಾಗುವುದಿಲ್ಲ. ಬಿಡಬೇಡಿ ಎನ್ನುವ ಹಕ್ಕೂ ನನಗಿಲ್ಲ. ಗಾರೆ ಕೆಲಸಕ್ಕೆ ಹೋದವನು ಹೇಡಿಯಲ್ಲ. ಸೇರುವವನು ಒಂದು ಮಾತು ಕೇಳಿ ಸೇರಲಿ: ನಾನು ಯಾರ ವಿರುದ್ಧ ಬರೆಯಬೇಕೋ ಅವನ ಮನೆಗೇ ಜಾಹೀರಾತಿಗೆ ಕಳಿಸುತ್ತೀರಾ? ಹೌದೆಂದರೆ ಸಂಬಳ ಎಷ್ಟಿದ್ದರೂ ಕಡಿಮೆಯೇ.

ಇನ್ನು ನಮ್ಮ ಮಾತು. 1980ರಲ್ಲಿ ಹುಟ್ಟಿದ 'ಲಂಕೇಶ್ ಪತ್ರಿಕೆ' ಜಾಹೀರಾತಿಲ್ಲದೆ ಓದುಗರ ಕಾಸಿನಲ್ಲೇ ನಡೆಯಿತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರ ಹಣ ಕೂಡಿಸಿ 'ಮುಂಗಾರು' ಕಟ್ಟಿದರು, ಅದು ಬಹುಕಾಲ ಬಾಳಲಿಲ್ಲ. ಎರಡೂ ಪಾಠವೇ. ತಿಂಗಳ ಸಂಬಳ ಬರುವ ಮೇಷ್ಟ್ರುಗಳೇ, ಸಂಘಟನೆಯ ಗೆಳೆಯರೇ, ಹೋಟೆಲಿನಲ್ಲಿ ಪತ್ರಿಕೆಯನ್ನು ಬಿಟ್ಟಿ ಓದಿ ವರದಿಗಾರ ಮಾರಿಕೊಂಡ ಅಂತ ಬೈಯುತ್ತೇವೆ. ಅವನು ಅಷ್ಟು ಅಗ್ಗಕ್ಕೆ ಸಿಕ್ಕಿದ್ದರಲ್ಲಿ ನಮ್ಮ ಪಾಲೂ ಇದೆ. ಚಂದಾ ಕೊಡಿ.

ಕ್ಷೌರದಂಗಡಿಯ ಸುದ್ದಿಯನ್ನು ಈಗ ಇಲ್ಲಿ ಬರೆದಿದ್ದೇನೆ, ಅದೂ ಊರಿನ ಹೆಸರಿಲ್ಲದೆ. ಆ ಹುಡುಗರಿಗೆ ಹೆಸರಿನ ಬಾಕಿ ಇನ್ನೂ ಇದೆ. ಅವ್ವ ಕೇಳಿದ್ದು ಸಣ್ಣ ಪ್ರಶ್ನೆಯಾಗಿರಲಿಲ್ಲ.