ಕೊಂಡ ಕಾರನ್ನು ಮರಳಿಸುವ ನ್ಯಾಯ

ಹಣ ತೆತ್ತು ಕೊಂಡ ಕಾರನ್ನು ಮಾರಿದವನ ಬಾಗಿಲಿಗೆ ಮರಳಿ ಒಯ್ದು, "ಇದು ಬೇಡ, ಹಣವನ್ನು ಹಿಂದಕ್ಕೆ ಕೊಡಿರಿ" ಎಂದು ಕೇಳುವುದು ನ್ಯಾಯವೆ? ಪ್ರಶ್ನೆಯು ಮೇಲುನೋಟಕ್ಕೆ ವ್ಯವಹಾರದ್ದು. ಒಳಹೊಕ್ಕು ನೋಡಿದರೆ ಮನಸ್ಸಿನದು.

ಮೊದಲು ಕಾಯಿದೆಯ ಮಾತು. ಕೊಳ್ಳುವವನಿಗೆ ಸರಕನ್ನು ಪರೀಕ್ಷಿಸಿ ನೋಡಲು ತಕ್ಕ ಅವಕಾಶವಿರಬೇಕೆಂದು 1930ರ ಸರಕು ಮಾರಾಟದ ಕಾಯಿದೆಯು ವಿಧಿಸಿದೆ. ಬೇಡವೆಂದು ತಿಳಿಸದೆ ಬಹುಕಾಲ ಇರಿಸಿಕೊಂಡವನು ಅದನ್ನು ಒಪ್ಪಿದಂತೆಯೇ ಎಂದೂ ಹೇಳಿದೆ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಕಾಣಿಸಿದ ಅವಧಿಯೊಳಗೆ, ಅವಧಿಯನ್ನು ಕಾಣಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರವೆಂಬುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ನಿಲುವು. ಬ್ರಿಟನ್ನಿನ 2015ರ ಕಾಯಿದೆಯೂ 30 ದಿನಗಳನ್ನೇ ಹೇಳುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯವು 1982ರಲ್ಲಿ ಮಾಡಿದ ಇಂತಹ ಶಾಸನಕ್ಕೆ 'ನಿಂಬೆಹಣ್ಣಿನ ಕಾಯಿದೆ' ಎಂದು ಅಡ್ಡಹೆಸರು. ಎಷ್ಟು ದುರಸ್ತಿ ಮಾಡಿದರೂ ಸರಿಹೋಗದ ಕಾರನ್ನು ಅಲ್ಲಿಯವರು ನಿಂಬೆಹಣ್ಣೆನ್ನುತ್ತಾರೆ. (ಹೊಸ ಕಾರಿನ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸುವ ನಮ್ಮ ನಾಡಿನ ರೂಢಿಯನ್ನು ಕಂಡರೆ ಅವರು ಏನೆಂದುಕೊಂಡಾರೋ!) ಈ ಕಾಯಿದೆಗಳೆಲ್ಲವೂ ಆಡುವುದು ಸರಕಿನ ದೋಷದ ಮಾತನ್ನು. ಕೊಂಡವನ ಮನಸ್ಸು ತಿರುಗಿತೆಂಬುದು ಸರಕಿನ ದೋಷವಾಗದು.

ತೊಡಕು ಇರುವುದು ಇಲ್ಲಿಯೇ. ನೆರೆಮನೆಯ ಮುಂದೆ ಕಾರು ನಿಂತಿತೆಂದು ತಾನೂ ಸಾಲ ಮಾಡಿ ಒಂದನ್ನು ತಂದ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಮೊದಲ ಕಂತನ್ನು ಕಟ್ಟುವಾಗ ಅವನ ಎದೆ ಕುಸಿಯುತ್ತದೆ. ನಿನ್ನೆಯವರೆಗೆ ಇಂಪಾಗಿದ್ದ ಇಂಜಿನಿನ ಸದ್ದು ಇಂದು ಕರ್ಕಶವಾಗಿ ಕೇಳತೊಡಗುತ್ತದೆ. ಬ್ರೇಕು ಏಕೋ ಬಿಗಿಯೆನಿಸುತ್ತದೆ. ಅವನು ಬೇಕೆಂದು ಸುಳ್ಳಾಡುತ್ತಿಲ್ಲ; ಅವನ ಕಿವಿಗೆ ಹಾಗೆಯೇ ಕೇಳುತ್ತಿದೆ. ಕಾಮಾಲೆಯ ಕಣ್ಣಿಗೆ ಕಂಡುದೆಲ್ಲ ಹಳದಿಯಲ್ಲವೆ? ಇಂಥವನು ಮಾರಿದವನ ಮುಂದೆ ನಿಂತು ಯಂತ್ರವನ್ನು ದೂರಿದಾಗ, ಕೆಟ್ಟಿರುವುದು ಯಂತ್ರವೋ ಮನೆಯ ಲೆಕ್ಕವೋ ಎಂಬುದನ್ನು ಬೇರೆ ಯಾರು ತಾನೆ ಬಿಡಿಸಿ ಹೇಳಬಲ್ಲರು? ಮೆಕ್ಯಾನಿಕನು ಬಿಚ್ಚಿ ನೋಡಬಲ್ಲುದು ಇಂಜಿನನ್ನು ಮಾತ್ರ.

ಈ ನೆವಕ್ಕೆ ಬೆಲೆ ತೆರುವವರುಂಟು. ಒಬ್ಬನ ಹೆಸರಿನಲ್ಲಿ ನೋಂದಣಿಯಾಗಿ ತೆರಿಗೆ ಕಟ್ಟಿದ ಕಾರು ಹತ್ತೇ ಮೈಲಿ ಓಡಿದ್ದರೂ ಮುಂದಿನವನಿಗೆ ಅದು ಹಳೆಯ ಕಾರೇ. ಆ ನಷ್ಟವು ಎಲ್ಲಿಯೂ ಕರಗಿಹೋಗದು. ಯಾರಾದರೊಬ್ಬರು ಅದನ್ನು ಹೊರಲೇಬೇಕು. ಆದುದರಿಂದ ಮನಸ್ಸು ತಿರುಗಿದವನು, "ಇದು ನನ್ನ ಶಕ್ತಿಗೆ ಮೀರಿತು, ಕೃಪೆಮಾಡಿ ಹಿಂದಕ್ಕೆ ಪಡೆಯಿರಿ, ನಷ್ಟವನ್ನು ನಾನು ಹೊರುತ್ತೇನೆ" ಎಂದು ಕೇಳಿದರೆ ಅವನ ಮಾನಕ್ಕೇನೂ ಕುಂದಿಲ್ಲ. ಅದು ಬೇಡಿಕೆ, ಹಕ್ಕಲ್ಲ; ಮಾರಿದವನು ಒಲ್ಲೆನೆಂದರೆ ಕೋಪಿಸಿಕೊಳ್ಳುವಂತಿಲ್ಲ.

ಮಾರುವವನ ಪಾಪವು ಇದಕ್ಕಿಂತ ಹಗುರವೆನ್ನಲಾಗದು. ದೋಷವು ನಿಜವೆಂದು ತಿಳಿದಿದ್ದೂ, "ಮುಂದಿನ ಸರ್ವಿಸಿಗೆ ಬನ್ನಿರಿ, ತಾನಾಗಿ ಸರಿಹೋಗುತ್ತದೆ" ಎಂದು ದಿನ ನೂಕಿ ಅವಧಿಯನ್ನು ಕಳೆಯುವವನು ಹಗಲಿನಲ್ಲಿಯೇ ಕನ್ನವಿಕ್ಕುತ್ತಾನೆ. ಅಂಥವನಿಗೆ ಸಿಕ್ಕಿದ ಗಿರಾಕಿಯು ಬಾಯಿಮಾತನ್ನು ನೆಚ್ಚದೆ ದೋಷವನ್ನೂ ತಾರೀಖನ್ನೂ ಬರಹದಲ್ಲಿ ತಿಳಿಸಿ ಪ್ರತಿಯನ್ನು ಇಟ್ಟುಕೊಳ್ಳುವುದು ಲೇಸು. ಹಳೆಯ ಕಾರುಗಳ ಸಂತೆಯನ್ನು ಕುರಿತು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಪ್ರಬಂಧವು ಪ್ರಸಿದ್ಧವಾಗಿದೆ. 2001ರಲ್ಲಿ ನೊಬೆಲ್ ಪುರಸ್ಕಾರವೂ ಅವರಿಗೆ ಬಂದಿತು. ಮಾರುವವನು ಬಲ್ಲ ದೋಷವನ್ನು ಕೊಳ್ಳುವವನು ಅರಿಯನಾದರೆ, ಅವನು ಎಲ್ಲ ಕಾರುಗಳನ್ನೂ ಶಂಕಿಸಿ ಕಡಿಮೆ ಬೆಲೆಗೆ ಕೇಳುತ್ತಾನೆ; ಆ ಬೆಲೆಗೆ ಒಳ್ಳೆಯ ಕಾರನ್ನು ಕೊಡಲಾರದೆ ಪ್ರಾಮಾಣಿಕನು ಸಂತೆಯನ್ನೇ ಬಿಡುತ್ತಾನೆ. ಮರಳಿ ಬಂದ ಕಾರನ್ನು ಒರೆಸಿ ಹೊಳಪಿಟ್ಟು ಅದರ ಕಥೆಯನ್ನು ಮುಚ್ಚಿ ಮಾರುವವನು ಹೀಗೆ ತಾನು ಎಂದೂ ಕಾಣದ ವರ್ತಕರ ಅನ್ನಕ್ಕೂ ಕೈಹಾಕುತ್ತಾನೆ.