ಭೋಗವು ಉಪಭೋಗವಾದಾಗ

ಉಂಡ ಅನ್ನವನ್ನು ಮತ್ತೆ ಉಣ್ಣಲು ಬಾರದು. ಉಟ್ಟ ವಸ್ತ್ರವನ್ನು ನಾಳೆಯೂ ಉಡಬಹುದು. ಮೊದಲಿನದನ್ನು ಭೋಗವೆಂದೂ ಎರಡನೆಯದನ್ನು ಉಪಭೋಗವೆಂದೂ ರತ್ನಕರಂಡಕ ಶ್ರಾವಕಾಚಾರವು ವಿಂಗಡಿಸುತ್ತದೆ. ಮಿತಿ ಹಾಕಿಕೊಳ್ಳತಕ್ಕ ವಿಷಯಗಳನ್ನು ಎಣಿಸುವಾಗ ಸಮಂತಭದ್ರಾಚಾರ್ಯರು ಊಟ, ವಾಹನ, ಹಾಸಿಗೆ, ತಾಂಬೂಲಗಳ ಸಾಲಿನಲ್ಲಿಯೇ ಸಂಗೀತವನ್ನೂ ಸೇರಿಸಿರುವುದು ಗಮನಾರ್ಹ. ಆಚಾರ್ಯರ ಕಾಲದಲ್ಲಿ ಹಾಡುಗಾರಿಕೆಯು ಭೋಗದ ಪಂಕ್ತಿಗೆ ಸೇರಿದ್ದರಲ್ಲಿ ಸಂದೇಹವಿಲ್ಲ. ಹಾಡಿದವನ ಉಸಿರಿನೊಡನೆ ಹಾಡೂ ಮುಗಿಯುತ್ತಿತ್ತು. ಸ್ವರವನ್ನು ಹಿಡಿದಿಡುವ ಯಂತ್ರ ಬಂದ ಮೇಲೆ ಅದೇ ಹಾಡು ಪೆಟ್ಟಿಗೆಯಲ್ಲಿಟ್ಟ ವಸ್ತ್ರದಂತಾಯಿತು. ಹಾಗಾದರೆ ಕಚೇರಿಗಳ ಧ್ವನಿಮುದ್ರಣವನ್ನು ಜನ್ಮವಿಡೀ ಕೂಡಿಹಾಕುವವನು ಮಾಡುತ್ತಿರುವುದೇನು? ರಸಿಕತೆಯೆ, ಪರಿಗ್ರಹವೆ?

ಶಬ್ದವು ಆಕಾಶದ ಗುಣವೆಂದು ನೈಯಾಯಿಕರು ಹೇಳಿದರೆ ಜೈನಾಗಮವು ಅದನ್ನು ಪುದ್ಗಲದ ಪರ್ಯಾಯವೆನ್ನುತ್ತದೆ. ಪುದ್ಗಲವಾದುದರಿಂದಲೇ ಅದು ಮೇಣದ ಮೇಲೆ ಗೆರೆ ಮೂಡಿಸೀತು, ಕಾಂತದ ನಾಡಾದಲ್ಲಿ ನಿಂತೀತು. ಧ್ವನಿಯಂತ್ರವನ್ನು ಕಂಡು ಆಗಮದ ಮಾತಿಗೆ ಸಾಕ್ಷಿ ಸಿಕ್ಕಿತೆಂದು ಹಿಗ್ಗುವವರುಂಟು. ಆ ಹಿಗ್ಗಿನ ಜೊತೆಗೆ ಬಂದ ಹೊಣೆಯನ್ನು ನೆನೆಯುವವರು ಕಡಿಮೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಎಂಬ ಗೇಯನಾಟಕ ಮಂದಿರದ ಗ್ರಂಥಪಾಲ ಲಯನೆಲ್ ಮೇಪಲ್ಸನ್ ಎಂಬವನು 1901ರಿಂದ 1903ರವರೆಗೆ, ಪ್ರದರ್ಶನ ನಡೆಯುತ್ತಿರುವಾಗಲೇ, ಮೇಣದ ಉರುಳೆಗಳ ಮೇಲೆ ಗಾಯನವನ್ನು ಹಿಡಿದನು. ಉರುಳೆಯೊಂದಕ್ಕೆ ಸುಮಾರು ಎರಡು ನಿಮಿಷ. ಜಾನ್ ದ ರೆಸ್ಕೆ ಎಂಬ ಅಂದಿನ ಮಹಾಗಾಯಕನ ಕಂಠವು ಇಂದು ಕಿವಿಗೆ ಬೀಳುವುದು ಆ ಗೊರಗೊರ ಸದ್ದಿನ ನಡುವೆ ಮಾತ್ರ. ಆದ್ದರಿಂದ ಸಂಗ್ರಾಹಕನನ್ನು ಒಂದೇ ಮಾತಿಗೆ ಲೋಭಿಯೆಂದು ತಳ್ಳಿಹಾಕುವುದು ನ್ಯಾಯವಾಗದು.

ಈ ಹವ್ಯಾಸವು ವ್ರತವೋ ಎಂಬಷ್ಟು ನಿಷ್ಠೆಯಿಂದ ಬೆಳೆದದ್ದು ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ವಾದ್ಯವೃಂದದ ಅಭಿಮಾನಿಗಳಲ್ಲಿ. 1965ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಈ ವೃಂದವು, ಗಿಟಾರ್ ವಾದಕ ಜೆರ್ರಿ ಗಾರ್ಸಿಯ 1995ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 2,300 ಕಚೇರಿಗಳನ್ನು ನಡೆಸಿತು. ನಮ್ಮ ಸಂಗೀತದಲ್ಲಿ ಮನೋಧರ್ಮವೆನ್ನುವುದಕ್ಕೆ ಅವರಲ್ಲಿಯೂ ಪ್ರಾಧಾನ್ಯವಿತ್ತು; ನಿನ್ನೆಯ ಹಾಡು ಇಂದು ಬೇರೊಂದು ರೂಪ ತಾಳುತ್ತಿತ್ತು. ಹೀಗಾಗಿ ಒಂದು ರಾತ್ರಿಯನ್ನು ಕಳೆದುಕೊಂಡವನಿಗೆ ಅದು ಶಾಶ್ವತವಾಗಿ ಹೋದಂತೆಯೇ. ಅಭಿಮಾನಿಗಳು ಎತ್ತರದ ಕೋಲಿನ ತುದಿಗೆ ಮೈಕು ಕಟ್ಟಿ, ನಲವತ್ತೈದು ನಿಮಿಷಕ್ಕೊಮ್ಮೆ ಕ್ಯಾಸೆಟ್ಟಿನ ಮಗ್ಗುಲು ತಿರುಗಿಸುತ್ತ, ಚಪ್ಪಾಳೆ ತಟ್ಟದೆ, ಮಾತಾಡದೆ ಕುಳಿತಿರುತ್ತಿದ್ದರು. ಸುತ್ತಲಿನವರು ಕುಣಿಯುತ್ತಿರುವಾಗ ಮೌನವಾಗಿರುವುದು ಸಣ್ಣ ನಿಗ್ರಹವಲ್ಲ. ಆದರೆ ಆ ಮೌನವು ಯಂತ್ರಕ್ಕಾಗಿಯೇ ಹೊರತು ಆತ್ಮಕ್ಕಾಗಿ ಅಲ್ಲ. ಅಷ್ಟಮಿಯಂದು ಹೊಟ್ಟೆ ಬರಿದಾಗಿಟ್ಟುಕೊಂಡು ನವಮಿಯ ಪಾರಣೆಯ ತಿನಿಸುಗಳನ್ನೇ ಎಣಿಸುತ್ತಿರುವವನ ಉಪವಾಸಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಮೊದಮೊದಲು ಹಲವರು ಯಂತ್ರವನ್ನು ಅಡಗಿಸಿಕೊಂಡು ಒಳಗೆ ಹೋಗುತ್ತಿದ್ದರು. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನವೇ ಸರಿ. ಕದ್ದದ್ದು ವಸ್ತುವಲ್ಲ, ಗಾಳಿಯಲ್ಲಿ ತೇಲುವ ಸ್ವರವೆಂಬ ಸಮಾಧಾನವು ಶಬ್ದವನ್ನು ಪುದ್ಗಲವೆಂದು ಬಲ್ಲವನಿಗೆ ಸಲ್ಲದು. 1984ರ ಅಕ್ಟೋಬರಿನಲ್ಲಿ ವೃಂದದವರೇ ಮುದ್ರಿಸಿಕೊಳ್ಳುವವರಿಗೆಂದು ಸಭಾಂಗಣದಲ್ಲಿ ಪ್ರತ್ಯೇಕ ಸ್ಥಳವನ್ನು ಬಿಟ್ಟುಕೊಟ್ಟ ಮೇಲೆ ಅದು ದತ್ತವಾಯಿತು. ಒಂದೇ ನಿಬಂಧನೆ: ಮಾರಕೂಡದು. ಖಾಲಿ ಕ್ಯಾಸೆಟ್ಟನ್ನೂ ಅಂಚೆವೆಚ್ಚವನ್ನೂ ಕಳುಹಿಸಿದ ಅಪರಿಚಿತನಿಗೆ ಸಹ ಪ್ರತಿ ಮಾಡಿ ಕಳುಹಿಸುವ ರೂಢಿ ಅವರಲ್ಲಿ ನೆಲೆಗೊಂಡಿತ್ತು.

ಇದು ದಾನವೆ? ತನ್ನದನ್ನು ಬಿಟ್ಟುಕೊಡುವುದು ದಾನದ ಲಕ್ಷಣ. ಪ್ರತಿ ಕೊಟ್ಟವನ ಬಳಿ ಮೂಲವು ಉಳಿದೇ ಇರುತ್ತದೆಯಲ್ಲ ಎಂದು ತಾರ್ಕಿಕನು ಕೇಳಬಹುದು. ಕೇಳಲಿ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ 1,000 ಪ್ರತಿ ಮಾಡಿಸಿ ಹಂಚಿದಾಗ ಕಾವ್ಯವೇನೂ ಅವಳ ಮನೆಯಲ್ಲಿ ಕಡಿಮೆಯಾಗಲಿಲ್ಲ. ಆದರೂ ಅದನ್ನು ಶಾಸ್ತ್ರದಾನವೆಂದೇ ಲೋಕವು ಕೊಂಡಾಡಿತು. ಬಿಟ್ಟುಕೊಟ್ಟದ್ದು ದ್ರವ್ಯ, ಶ್ರಮ, ಅದಕ್ಕಿಂತ ಮಿಗಿಲಾಗಿ ತನ್ನಲ್ಲಿ ಮಾತ್ರ ಇದೆಯೆಂಬ ಹಮ್ಮು. ಅಪೂರ್ವ ಮುದ್ರಣವನ್ನು ಯಾರಿಗೂ ಕೇಳಿಸದೆ ಬಚ್ಚಿಟ್ಟು ಬೆಲೆ ಏರಿಸಿಕೊಂಡ ಸಂಗ್ರಾಹಕರೂ ಇದ್ದರು. ಪರಿಗ್ರಹದ ಲಕ್ಷಣ ಹೇಳುವಾಗ ತತ್ತ್ವಾರ್ಥಸೂತ್ರವು ವಸ್ತುವನ್ನು ಬಿಟ್ಟು ಮೂರ್ಛೆಯನ್ನು ಹೆಸರಿಸಿದ್ದು ಇಂಥವರಿಗೆ ನೇರವಾಗಿ ತಗಲುತ್ತದೆ. (ಮೂಡಬಿದಿರೆಯ ಧವಲಾ ತಾಳೆಗರಿಗಳು ಬಹುಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದು, 1939ರಿಂದ ಅಚ್ಚಿನಲ್ಲಿ ಹೊರಬಂದುದನ್ನು ಬಲ್ಲ ಸಮಾಜವು ಅನ್ಯರನ್ನು ಹಳಿಯುವ ಮುನ್ನ ಸ್ವಲ್ಪ ತಡೆದುಕೊಳ್ಳುವುದು ಲೇಸು.)

ಡಿಕ್ ಲಾತ್ವಾಲ ಎಂಬ ಅಭಿಮಾನಿಯು ಹವಾಯಿಯಲ್ಲಿ ನೆಲೆಸಿ ವರ್ಷಗಟ್ಟಲೆ ಅಂಚೆಯ ಮೂಲಕ ಟೇಪುಗಳನ್ನು ಕೂಡಿಸಿದವನು. ಮುಂದೆ ಆ ವೃಂದದ ಧ್ವನಿಭಂಡಾರಕ್ಕೇ ಪಾಲಕನಾಗಿ, 1993ರಿಂದ ತಾನು ಆರಿಸಿದ ಕಚೇರಿಗಳನ್ನು ಲೋಕಕ್ಕೆ ತೆರೆದು, 1999ರಲ್ಲಿ ತೀರಿಕೊಂಡನು. ಒಡೆಯನಾಗಿದ್ದವನು ಭಂಡಾರಿಯಾದನು.

ಇನ್ನು ಉಳಿಯುವುದು ಮಿತಿಯ ಮಾತು. ಆ 2,300 ಕಚೇರಿಗಳೂ ಒಬ್ಬನಿಗೆ ದೊರೆತವೆನ್ನೋಣ. ಒಂದಕ್ಕೆ ಎರಡೂವರೆ ಗಂಟೆ ಹಿಡಿದರೂ 5,750 ಗಂಟೆ. ದಿನಕ್ಕೊಂದು ಗಂಟೆಯಂತೆ ಬಿಡದೆ ಕೇಳಿದರೆ ಹದಿನೈದು ವರ್ಷ ಮೀರುತ್ತದೆ. ಮತ್ತೊಮ್ಮೆ ಕೇಳಲು ಮತ್ತೆ ಅಷ್ಟು. ಮನುಷ್ಯಾಯುಷ್ಯಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಭೋಗೋಪಭೋಗಪರಿಮಾಣದ ಅತಿಚಾರಗಳಲ್ಲಿ, ಕಳೆದ ಸುಖವನ್ನು ಮತ್ತೆ ಮತ್ತೆ ಸ್ಮರಿಸುವುದೂ ಮುಂದಿನದಕ್ಕೆ ಅತಿಯಾಗಿ ಹಂಬಲಿಸುವುದೂ ಬೇರೆ ಬೇರೆಯಾಗಿ ಎಣಿಕೆಗೊಂಡಿವೆ. ಕೇಳದೆ ಕೂಡಿಟ್ಟ ಟೇಪಿನಲ್ಲಿ ಎರಡೂ ಒಂದೇ ಕಪಾಟಿನಲ್ಲಿ ಕುಳಿತಿರುತ್ತವೆ. ಗೃಹಸ್ಥನಿಗೆ ಇದರಿಂದ ಪಾರಾಗುವ ದಾರಿ ಕಠಿಣವೇನಲ್ಲ. ಒಂದು ದಿನ, ಒಂದು ಪಕ್ಷ, ಒಂದು ಋತು ಎಂದು ಕಾಲವನ್ನು ಹೇಳಿ ನಿಯಮ ಹಿಡಿಯಲು ಆಚಾರ್ಯರೇ ಅವಕಾಶವಿತ್ತಿದ್ದಾರೆ. ಚಾತುರ್ಮಾಸದಲ್ಲಿ ಹಸಿರು ಕಾಯಿಪಲ್ಯ ಬಿಡುವ ಮನೆಯಲ್ಲಿ ಆ ನಾಲ್ಕು ತಿಂಗಳು ಹೊಸ ಮುದ್ರಣ ಕೂಡಿಸೆನೆಂಬ ನಿಯಮವೂ ನಡೆಯಬಲ್ಲದು.

ಪುದ್ಗಲವು ತನ್ನ ಸ್ವಭಾವವನ್ನು ಬಿಡುವುದಿಲ್ಲ. ಹಳೆಯ ಟೇಪಿನ ಅಂಟು ತೇವ ಹೀರಿ ಜಿಗುಟಾಗುತ್ತದೆ, ಪ್ರತಿಯ ಪ್ರತಿಯಲ್ಲಿ ಹಿಸ್ಸೆಂಬ ಸದ್ದು ಬೆಳೆಯುತ್ತದೆ. ಅದೇ ವೃಂದದ ಧ್ವನಿತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಮುದ್ರಿಸಿದ ನೂರಾರು ಟೇಪುಗಳು ದಾಸ್ತಾನು ಕೋಣೆಯೊಂದರಲ್ಲಿದ್ದವು. ಬಾಡಿಗೆ ಸಲ್ಲದೆ 1986ರಲ್ಲಿ ಹರಾಜಾಗಿ ಬೇರೆಯವರ ಪಾಲಾದವು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲಿನಲ್ಲಿ ಆಕೆ ಮುದ್ರಿಸಿದ ಕಚೇರಿಯು ಅಷ್ಟರಲ್ಲಾಗಲೇ ಕೈಯಿಂದ ಕೈಗೆ ಪ್ರತಿಯಾಗಿ ಹರಡತೊಡಗಿತ್ತು. 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ವೃಂದದವರ ಹೆಸರಿನಲ್ಲಿ ಅದು ಪ್ರಕಟವಾದದ್ದು 2017ರಲ್ಲಿ. ಆ ವೇಳೆಗೆ ಅದನ್ನು ಕೇಳಬೇಕೆಂದಿದ್ದವರೆಲ್ಲರೂ ಬಹುತೇಕ ಕೇಳಿ ಆಗಿತ್ತು.