ಓದದೆ ಉಳಿದ ಪುಟಗಳು



ಕೆಲವು ವರ್ಷಗಳ ಹಿಂದಿನ ಮಾತು. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಐವತ್ತರ ಸಮೀಪದ ಸಹೋದರಿಯೊಬ್ಬರು ನನ್ನ ಬಳಿ ಬಂದರು. ಅವರಿಗೆ ಶಿಕ್ಷಕಿಯಾಗುವ ಆಸೆಯಿತ್ತು. ತಂದೆ ಹಾಸಿಗೆ ಹಿಡಿದಾಗ ಮನೆಯವರು ಇವರ ಓದನ್ನು ನಿಲ್ಲಿಸಿದರು. ತಂದೆಯ ನಂತರ ತಾಯಿಯ ಆರೈಕೆ. ಈಗ ಇಬ್ಬರೂ ಇಲ್ಲ. "ಫಾದರ್, ನಾನು ಏನೂ ಆಗಲೇ ಇಲ್ಲವಲ್ಲ?" ಎಂದು ಕೇಳಿದರು. ದೇಹಕ್ಕೆ ಕಣ್ಣೂ ಬೇಕು, ಕಾಲೂ ಬೇಕು ಎಂಬ ಸಂತ ಪೌಲರ ಹೋಲಿಕೆಯನ್ನು ಹೇಳಿ ಸಮಾಧಾನಪಡಿಸಿದೆ. ಅವರು ತಲೆಯಾಡಿಸಿ ಹೊರಟುಹೋದರು. ನನ್ನ ಉತ್ತರ ಸಾಲದೆಂದು ಅಂದೇ ಅನ್ನಿಸಿತ್ತು.

ದೇಹದ ಹೋಲಿಕೆಯನ್ನು ಕೊಡುವವರು ಆ ದೇಹ ರೂಪುಗೊಳ್ಳುವ ಬಗೆಯನ್ನು ತುಸು ಅರಿತಿರಬೇಕು. ತಾಯಿಯ ಗರ್ಭದಲ್ಲಿ ನಾವೆಲ್ಲರೂ ಒಂದೇ ಒಂದು ಜೀವಕೋಶವಾಗಿದ್ದೆವು. ಅದು ಎರಡಾಗಿ, ಎರಡು ನಾಲ್ಕಾಗಿ, ಇಂದು ವಯಸ್ಕರ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ. ಪ್ರತಿಯೊಂದು ವಿಭಜನೆಗೆ ಮುನ್ನ ಕೋಶವು ತನ್ನ 46 ವರ್ಣತಂತುಗಳನ್ನೂ ನಕಲು ಮಾಡಿಕೊಂಡು, ಎರಡೂ ಮರಿಕೋಶಗಳಿಗೆ ಪೂರ್ತಿ ಹಂಚುತ್ತದೆ. ಆದುದರಿಂದ ಕಣ್ಣಿನ ಕೋಶದಲ್ಲಿರುವ ಗ್ರಂಥವೇ ಅಂಗಾಲಿನ ಕೋಶದಲ್ಲಿಯೂ ಇದೆ. ವ್ಯತ್ಯಾಸ ಯಾವುದರಲ್ಲಿ? ಓದುವ ಪುಟಗಳಲ್ಲಿ. ನೆರೆಯ ಕೋಶಗಳು ಕಳುಹಿಸುವ ರಾಸಾಯನಿಕ ಸಂದೇಶಗಳಿಗೆ ಅನುಗುಣವಾಗಿ ಕೆಲವು ವಂಶವಾಹಿಗಳು ಎಚ್ಚರಗೊಳ್ಳುತ್ತವೆ, ಉಳಿದವು ಮೌನವಾಗುತ್ತವೆ. ಹೀಗೆ ಒಂದು ಕೋಶ ನರವಾಗುತ್ತದೆ, ಮತ್ತೊಂದು ಸ್ನಾಯುವಾಗುತ್ತದೆ, ಇನ್ನೊಂದು ಚರ್ಮವಾಗುತ್ತದೆ.

ಕೆಂಪು ರಕ್ತಕಣವಂತೂ ಆ ಗ್ರಂಥವನ್ನೇ ತ್ಯಜಿಸುತ್ತದೆ. ಬಲಿಯುವ ಹಂತದಲ್ಲಿ ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ. ಆ ಬಳಿಕ ಅದು ವಿಭಜಿಸಲಾರದು. ಸುಮಾರು 120 ದಿನ ಆಮ್ಲಜನಕವನ್ನು ಹೊತ್ತು ಇತರರಿಗೆ ಹಂಚಿ ಮುಗಿದುಹೋಗುತ್ತದೆ.

ಇದರಿಂದ ಒಂದು ಸತ್ಯ ಸ್ಪಷ್ಟವಾಗುತ್ತದೆ: ಏನಾದರೊಂದು ಆಗಬೇಕಾದರೆ ಉಳಿದ ಹಲವನ್ನು ಬಿಡಲೇಬೇಕು. ಗುರುವಾದ ನಾನು ಕೆಲವನ್ನು ಬಿಟ್ಟೆ. ತಂದೆತಾಯಿಗಳಾದ ನೀವೂ ಬಿಟ್ಟಿದ್ದೀರಿ. ಹೀಗೆ ಬಿಟ್ಟದ್ದನ್ನೆಲ್ಲ ನಷ್ಟವೆಂದು ಎಣಿಸಬೇಕಾಗಿಲ್ಲ.

ಆದರೆ ಇಲ್ಲಿಗೇ ನಿಂತರೆ ನಾವು ಆ ಸಹೋದರಿಗೆ ಅನ್ಯಾಯ ಮಾಡಿದಂತೆ. ಜೀವಕೋಶ ಆಯ್ಕೆ ಮಾಡುವುದಿಲ್ಲ; ಮನುಷ್ಯ ಮಾಡುತ್ತಾನೆ. ಮನಸ್ಸಾರೆ ಬಿಟ್ಟುಕೊಟ್ಟದ್ದು ತ್ಯಾಗ. ಕೇಳದೆಯೇ ಕಿತ್ತುಕೊಂಡದ್ದನ್ನು ತ್ಯಾಗವೆಂದು ಹೊಗಳುವುದು ಕಿತ್ತುಕೊಂಡವರಿಗೆ ಅನುಕೂಲದ ಮಾತು. "ನೀನು ಕಾಲು, ಕಾಲಾಗಿಯೇ ಇರು" ಎನ್ನುವ ಹಕ್ಕು ಒಂದು ಕುಟುಂಬಕ್ಕೆ ಇದೆಯೇ? ದೇಹವಾದರೋ ಅಂಗಾಲಿಗೂ ರಕ್ತವನ್ನು ಕಳುಹಿಸುತ್ತದೆ. ಅಲ್ಲಿ ಮುಳ್ಳು ಚುಚ್ಚಿದರೆ ಕಣ್ಣು ನೋಡುತ್ತದೆ, ಕೈ ಧಾವಿಸುತ್ತದೆ. ಸಂತ ಪೌಲರೂ ಕಡಿಮೆ ಗೌರವದ ಅಂಗಕ್ಕೇ ಹೆಚ್ಚಿನ ಗೌರವ ಸಲ್ಲಬೇಕೆಂದು ಅದೇ ಹೋಲಿಕೆಯಲ್ಲಿ ಬರೆದಿದ್ದಾರೆ. ಅಂದು ನಾನು ಹೇಳದೆ ಬಿಟ್ಟದ್ದು ಈ ಭಾಗವನ್ನೇ.

ಇನ್ನೊಂದು ಮಾತಿದೆ. ಜಾನ್ ಗರ್ಡನ್ ಎಂಬ ವಿಜ್ಞಾನಿ ಕಪ್ಪೆಯ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ತೆಗೆದು, ತನ್ನ ಕೇಂದ್ರವನ್ನು ಕಳೆದುಕೊಂಡ ಮೊಟ್ಟೆಯೊಳಗೆ ಇರಿಸಿದರು. ಅಂಥ ಕೆಲವು ಮೊಟ್ಟೆಗಳಿಂದ ಹೊಸ ಗೊದಮೊಟ್ಟೆಗಳು ಬೆಳೆದುದನ್ನು 1962ರಲ್ಲಿ ಪ್ರಕಟಿಸಿದರು. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಕೇವಲ ನಾಲ್ಕು ವಂಶವಾಹಿಗಳ ನೆರವಿನಿಂದ ಇಲಿಯ ಬೆಳೆದ ಕೋಶಗಳನ್ನು ಮತ್ತೆ ಬಹುರೂಪ ತಾಳಬಲ್ಲ ಆದಿಸ್ಥಿತಿಗೆ ಮರಳಿಸಿದರು. ಇಬ್ಬರಿಗೂ 2012ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆ ಕೋಶಗಳಲ್ಲಿ ಓದದೆ ಉಳಿದ ಪುಟಗಳು ಹರಿದುಹೋಗಿರಲಿಲ್ಲ, ಮುಚ್ಚಿದ್ದವು, ಅಷ್ಟೇ.

ಆ ಸಹೋದರಿ ಇಂದು ಎದುರಾದರೆ, ಸಮಾಧಾನ ಹೇಳುವ ಮುನ್ನ ನಾನು ಕ್ಷಮೆ ಕೇಳುತ್ತೇನೆ. ಅವರು ಮಾಡಿದ ಸೇವೆ "ಏನೂ ಅಲ್ಲ" ಎನ್ನುವಂಥದ್ದಲ್ಲ ಎನ್ನುತ್ತೇನೆ. ಬಳಿಕ, ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಸಂಜೆಯ ಹೊತ್ತು ಪಾಠ ಹೇಳಿಕೊಡುವಿರಾ ಎಂದು ಕೇಳುತ್ತೇನೆ. ಒಪ್ಪುವುದೂ ಬಿಡುವುದೂ ಅವರಿಗೆ ಸೇರಿದ್ದು.

ನಿಮ್ಮ ಮನೆಯಲ್ಲಿಯೂ ಎಲ್ಲರ ಭಾರವನ್ನು ಸದ್ದಿಲ್ಲದೆ ಹೊತ್ತವರೊಬ್ಬರು ಇರಬಹುದು. ಅವರನ್ನು ಹೊಗಳಿ ಸುಮ್ಮನಾಗಬೇಡಿ. ಇಂದು ರಾತ್ರಿ ಊಟದ ವೇಳೆ ಅವರ ಪಕ್ಕದಲ್ಲಿ ಕುಳಿತು, ಅವರಿಗೆ ಏನು ಬೇಕಿತ್ತೆಂದು ಕೇಳಿ.